ಬಿಪಿ ಔಷಧ ಚರ್ಮದ ಮೂಲಕ: ಅಂಟುಪಟ್ಟಿ ಏನು ಮಾಡುತ್ತದೆ, ಏನು ಮಾಡಲಾರದು

ಹಾಸನ ಜಿಲ್ಲೆಯಲ್ಲಿ 2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ, ಅದುವರೆಗೆ ಬಿಪಿ ನೋಡಿಸಿಕೊಳ್ಳುವ ಗೋಜಿಗೇ ಹೋಗದವರೂ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ರಚಿಸಿತು. ಹಿಂದಿನ ಅವಧಿಗೆ ಹೋಲಿಸಿದರೆ ಸಾವುಗಳಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದು ಸಮಿತಿ ವರದಿ ಕೊಟ್ಟ ಮೇಲೆ ಭಯವೇನೋ ತಗ್ಗಿತು. ಆದರೆ ಬಿಪಿ, ಸಕ್ಕರೆ ಕಾಯಿಲೆ, ಅವುಗಳ ಔಷಧ ಇವೆಲ್ಲದರ ಬಗ್ಗೆ ಹುಟ್ಟಿಕೊಂಡ ಕುತೂಹಲ ಹಾಗೆಯೇ ಉಳಿಯಿತು. ಔಷಧದ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: “ದಿನಾ ಮಾತ್ರೆ ನುಂಗೋ ಬದಲು ವಾರಕ್ಕೊಂದ್ಸಲ ತೋಳಿಗೆ ಅಂಟಿಸ್ಕೊಳ್ಳೋ ಪಟ್ಟಿ ಬಂದಿದೆಯಂತಲ್ಲ ಅಣ್ಣ, ನಂಗೂ ಅದನ್ನೇ ಕೊಡ್ತೀರಾ?”

ಅಂಥ ಪಟ್ಟಿ ಇರುವುದು ನಿಜ. ಅದು ಹೊಸದಲ್ಲವೆಂಬುದೂ ನಿಜ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1984ರಲ್ಲಿ. ಹಾಗಿದ್ದರೂ ನಲವತ್ತು ವರ್ಷಗಳ ನಂತರವೂ ಬಹುಪಾಲು ಜನ ಬಿಪಿಗೆ ಮಾತ್ರೆಯನ್ನೇ ನುಂಗುತ್ತಿದ್ದಾರೆ. ಇದಕ್ಕೆ ಕಂಪನಿಗಳ ಲಾಭನಷ್ಟಕ್ಕಿಂತ ಹೆಚ್ಚಾಗಿ ನಮ್ಮ ಚರ್ಮದ ಸ್ವಭಾವವೇ ಕಾರಣ. ಆ ಸ್ವಭಾವವನ್ನು ತಿಳಿದುಕೊಂಡರೆ ಯಾವ ಔಷಧವನ್ನು ಪಟ್ಟಿಯಾಗಿ ಕೊಡಬಹುದು, ಯಾವುದನ್ನು ಕೊಡಲಾಗದು, ಪಟ್ಟಿ ಅಂಟಿಸಿಕೊಂಡವರು ಏನನ್ನು ಗಮನಿಸಬೇಕು ಎಂಬುದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲು ರಕ್ತದೊತ್ತಡದ ಬಗ್ಗೆ ಎರಡು ಮಾತು

ಹೃದಯ ಒಮ್ಮೆ ಹಿಂಡಿದಾಗ ರಕ್ತವು ನಾಳದ ಗೋಡೆಯ ಮೇಲೆ ಹಾಕುವ ಒತ್ತಡವೇ ಮೇಲಿನ ಸಂಖ್ಯೆ. ಎರಡು ಹಿಂಡಿಕೆಗಳ ನಡುವೆ ಹೃದಯ ಸಡಿಲವಾಗಿರುವಾಗ ಉಳಿದಿರುವ ಒತ್ತಡ ಕೆಳಗಿನ ಸಂಖ್ಯೆ. ಆಸ್ಪತ್ರೆಯಲ್ಲಿ ಬೇರೆಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ 24ರಷ್ಟು, ಹೆಂಗಸರಲ್ಲಿ ಶೇ 21ರಷ್ಟು ಮಂದಿಯ ರಕ್ತದೊತ್ತಡ ಹೆಚ್ಚಿದೆ ಅಥವಾ ಅವರು ಅದಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದಾರೆ.

ಈ ಕಾಯಿಲೆಯ ತೊಡಕೆಂದರೆ, ಬಹಳ ಜನರಿಗೆ ಇದರಿಂದ ಯಾವ ನೋವೂ ಆಗುವುದಿಲ್ಲ. ನೋವಿಲ್ಲದ ಕಾಯಿಲೆಗೆ ವರ್ಷಗಟ್ಟಲೆ ದಿನವೂ ಮಾತ್ರೆ ನುಂಗುವುದು ಯಾರಿಗಾದರೂ ಬೇಸರದ ಕೆಲಸ. ಮದುವೆ, ಜಾತ್ರೆ, ಕಾಫಿ ಕೊಯ್ಲು ಎಂದು ಎರಡು ದಿನ ತಪ್ಪುತ್ತದೆ. ಏನೂ ಆಗಲಿಲ್ಲವಲ್ಲ ಎಂದು ಎರಡು ವಾರ ತಪ್ಪುತ್ತದೆ. ವಾರಕ್ಕೊಮ್ಮೆ ಅಂಟಿಸುವ ಪಟ್ಟಿಯ ಸುದ್ದಿ ಕಿವಿಗೆ ಇಂಪಾಗಿ ಕೇಳಿಸುವುದು ಇದೇ ಕಾರಣಕ್ಕೆ.

ಮಾತ್ರೆ ಹೋಗುವ ದಾರಿ, ಪಟ್ಟಿ ಹೋಗುವ ದಾರಿ

ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗಿ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆದರೆ ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಯಕೃತ್ತನ್ನು ಹಾದುಹೋಗಬೇಕು. ಹೊರಗಿನಿಂದ ಬಂದ ರಾಸಾಯನಿಕಗಳನ್ನು ಒಡೆದುಹಾಕುವುದು ಯಕೃತ್ತಿನ ಕೆಲಸಗಳಲ್ಲಿ ಒಂದಾದ್ದರಿಂದ, ಕೆಲವು ಔಷಧಗಳ ದೊಡ್ಡ ಪಾಲು ಅಲ್ಲಿಯೇ ಮುಗಿದುಹೋಗುತ್ತದೆ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಇದಕ್ಕೆ ಒಳ್ಳೆಯ ಉದಾಹರಣೆ. ನುಂಗಿದರೆ ಅದರಲ್ಲಿ ಬಹುಪಾಲು ಯಕೃತ್ತಿನಲ್ಲಿಯೇ ನಾಶವಾಗುತ್ತದೆ, ಆದ್ದರಿಂದಲೇ ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಹೇಳುತ್ತಾರೆ.

ಇನ್ನೊಂದು ವಿಷಯ ಏರಿಳಿತದ್ದು. ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಔಷಧದ ಪ್ರಮಾಣ ಏರುತ್ತದೆ, ಮುಂದಿನ ಮಾತ್ರೆಯ ಹೊತ್ತಿಗೆ ಇಳಿದಿರುತ್ತದೆ. ಏರಿದಾಗ ತಲೆ ಸುತ್ತುವುದು, ಬಾಯಿ ಒಣಗುವುದು. ಇಳಿದಾಗ ಒತ್ತಡ ಮತ್ತೆ ಮೇಲೇರುವುದು. ಎಲ್ಲ ಮಾತ್ರೆಗಳೂ ಹೀಗೆಯೇ ಎಂದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕೊಡುವ ಆಮ್ಲೋಡಿಪಿನ್ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುವವರ ರಕ್ತದಲ್ಲಿ ಅದರ ಮಟ್ಟ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಈ ಅಂಶವನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಚರ್ಮದ ಮೂಲಕ ಹೋಗುವ ಔಷಧ ಹೊಟ್ಟೆಯನ್ನೂ ಮುಟ್ಟುವುದಿಲ್ಲ, ಯಕೃತ್ತಿನ ಆ ಮೊದಲ ತಪಾಸಣೆಗೂ ಒಳಗಾಗುವುದಿಲ್ಲ. ಚರ್ಮದ ಒಳಪದರದಲ್ಲಿರುವ ಕೂದಲೆಳೆಯಂಥ ರಕ್ತನಾಳಗಳಿಗೆ ಸೇರಿ, ಅಲ್ಲಿಂದ ದೊಡ್ಡ ರಕ್ತನಾಳಗಳ ಮೂಲಕ ಇಡೀ ಮೈಗೆ ಹರಡುತ್ತದೆ. ವಾಂತಿಯಾಗುತ್ತಿದ್ದರೂ, ನುಂಗಲಾಗದಿದ್ದರೂ, ಶಸ್ತ್ರಚಿಕಿತ್ಸೆಗಾಗಿ ಹೊಟ್ಟೆ ಖಾಲಿ ಇಟ್ಟಿದ್ದರೂ ಈ ದಾರಿ ತೆರೆದೇ ಇರುತ್ತದೆ.

ಚರ್ಮ ಯಾವುದನ್ನು ಒಳಗೆ ಬಿಡುತ್ತದೆ

ಚರ್ಮ ಇರುವುದೇ ಹೊರಗಿನದನ್ನು ಹೊರಗಿಡಲು. ಅದರ ಅತ್ಯಂತ ಮೇಲಿನ ಪದರ ಸತ್ತ, ಚಪ್ಪಟೆಯಾದ, ಗಟ್ಟಿ ಜೀವಕೋಶಗಳದ್ದು. ತೋಳು, ಎದೆಗಳ ಮೇಲೆ ಈ ಪದರದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಅಂದರೆ ತಲೆಗೂದಲಿಗಿಂತಲೂ ತೆಳು. ಇಷ್ಟು ತೆಳ್ಳಗಿನ ಪದರವೇ ಮಳೆಯಲ್ಲಿ ದಿನವಿಡೀ ನೆನೆದರೂ ನೀರು ಮೈಯೊಳಗೆ ಇಳಿಯದಂತೆ, ಬಿಸಿಲಲ್ಲಿ ದುಡಿದರೂ ಮೈಯ ನೀರು ಆವಿಯಾಗಿ ಹೋಗದಂತೆ ತಡೆಯುತ್ತದೆ. ಸತ್ತ ಕೋಶಗಳ ನಡುವಿನ ಸಂದಿಗಳಲ್ಲಿ ಕೊಬ್ಬಿನ ಪದರಗಳು ತುಂಬಿಕೊಂಡಿವೆ. ಔಷಧದ ಅಣುಗಳು ಮುಖ್ಯವಾಗಿ ಈ ಕೊಬ್ಬಿನ ಸಂದಿಗಳಲ್ಲಿಯೇ ತಿರುವುಮುರುವಾಗಿ ನುಸುಳಿಕೊಂಡು ಹೋಗಬೇಕು.

ಹೀಗೆ ನುಸುಳಲು ಅಣು ಚಿಕ್ಕದಾಗಿರಬೇಕು. ಅಣುವಿನ ತೂಕವನ್ನು ಡಾಲ್ಟನ್ ಎಂಬ ಮಾನದಲ್ಲಿ ಹೇಳುತ್ತಾರೆ. ನೀರಿನ ಒಂದು ಅಣು 18 ಡಾಲ್ಟನ್ ತೂಗುತ್ತದೆ. 500 ಡಾಲ್ಟನ್ ದಾಟಿದ ಅಣುಗಳು ಆರೋಗ್ಯವಂತ ಚರ್ಮವನ್ನು ಹಾಯುವುದು ತೀರ ಕಷ್ಟವೆಂಬುದು ಚರ್ಮವಿಜ್ಞಾನಿಗಳು ಬಳಸುವ ಸ್ಥೂಲ ನಿಯಮ. ಇನ್ಸುಲಿನ್ ಅಣು ಸುಮಾರು 5,800 ಡಾಲ್ಟನ್ ತೂಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸೂಜಿಯ ಬದಲು ಸಾಧಾರಣ ಅಂಟುಪಟ್ಟಿ ಇನ್ನೂ ಬಾರದಿರಲು ಇದೊಂದೇ ಕಾರಣ ಸಾಕು.

ಚಿಕ್ಕದಾಗಿದ್ದರಷ್ಟೇ ಸಾಲದು, ಅಣುವಿಗೆ ಎರಡು ಕಡೆಯ ಸ್ನೇಹವೂ ಬೇಕು. ಮೇಲಿನ ಕೊಬ್ಬಿನ ದಾರಿಯಲ್ಲಿ ಸಾಗಲು ಅದು ಎಣ್ಣೆಯಲ್ಲಿ ಕರಗಬೇಕು. ಅದರ ಕೆಳಗಿನ ಜೀವಂತ ಪದರ ನೀರಿನಿಂದ ತುಂಬಿರುವುದರಿಂದ ನೀರಿನಲ್ಲಿಯೂ ಅಷ್ಟಿಷ್ಟು ಕರಗಬೇಕು. ಎಣ್ಣೆಯನ್ನೇ ನೆಚ್ಚಿಕೊಂಡ ಅಣು ಮೇಲ್ಪದರದಲ್ಲಿಯೇ ತಂಗಿಬಿಡುತ್ತದೆ, ನೀರನ್ನೇ ನೆಚ್ಚಿಕೊಂಡದ್ದು ಒಳಗೆ ಕಾಲಿಡುವುದೇ ಇಲ್ಲ.

ಇವೆರಡಕ್ಕಿಂತಲೂ ಬಿಗಿಯಾದ ಮೂರನೆಯ ಷರತ್ತೆಂದರೆ ಪ್ರಮಾಣ. ಚರ್ಮದ ಮೂಲಕ ದಿನವೊಂದಕ್ಕೆ ಇಳಿಯುವುದು ಕೆಲವೇ ಮಿಲಿಗ್ರಾಂ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಆದ್ದರಿಂದ ಅತ್ಯಲ್ಪ ಪ್ರಮಾಣದಲ್ಲಿಯೇ ಕೆಲಸ ಮಾಡುವಷ್ಟು ತೀಕ್ಷ್ಣವಾದ ಔಷಧ ಮಾತ್ರ ಪಟ್ಟಿಗೆ ಹೊಂದುತ್ತದೆ.

ಈ ಮೂರೂ ಷರತ್ತುಗಳನ್ನು ಪೂರೈಸಿ 1979ರಲ್ಲಿ ಅಮೆರಿಕದಲ್ಲಿ ಮೊದಲು ಅನುಮತಿ ಪಡೆದದ್ದು ಸ್ಕೊಪೊಲಮಿನ್ ಎಂಬ ಔಷಧದ ಪಟ್ಟಿ. ಕಿವಿಯ ಹಿಂದೆ ಅಂಟಿಸಿದರೆ ಮೂರು ದಿನ ಪ್ರಯಾಣದ ವಾಂತಿಯನ್ನು ತಡೆಯುತ್ತಿತ್ತು. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕುಳಿತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬಿಪಿ ಔಷಧದ ಸರದಿ ಬಂದದ್ದು ಅದಾದ ಐದು ವರ್ಷಗಳಿಗೆ.

ಕ್ಲೋನಿಡಿನ್ ಎಂಬ ಔಷಧ

1960ರ ದಶಕದ ಆರಂಭದಲ್ಲಿ ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪನಿಯ ರಸಾಯನಶಾಸ್ತ್ರಜ್ಞರು ಕಟ್ಟಿದ ಮೂಗನ್ನು ಬಿಡಿಸುವ ಔಷಧವೊಂದನ್ನು ಹುಡುಕುತ್ತ ಕ್ಲೋನಿಡಿನ್ ತಯಾರಿಸಿದರು. ನೆಗಡಿಯಾಗಿದ್ದ ಅಲ್ಲಿನ ಕಾರ್ಯದರ್ಶಿಯೊಬ್ಬರ ಮೂಗಿಗೆ ಅದರ ಕೆಲವು ಹನಿ ಹಾಕಿದಾಗ, ಅವರು ಇಡೀ ಒಂದು ದಿನ ನಿದ್ದೆಹೋದರು, ರಕ್ತದೊತ್ತಡವೂ ನಾಡಿಯೂ ಇಳಿದುಹೋದವು. ಮೂಗಿನ ಔಷಧವಾಗಬೇಕಿದ್ದದ್ದು ಹೀಗೆ ಬಿಪಿಯ ಔಷಧವಾಯಿತು.

ಕ್ಲೋನಿಡಿನ್ ಕೆಲಸ ಮಾಡುವುದು ರಕ್ತನಾಳದ ಮೇಲಲ್ಲ, ಮುಖ್ಯವಾಗಿ ಮೆದುಳಿನ ಬುಡದಲ್ಲಿ. ಹೃದಯವನ್ನು ಜೋರಾಗಿ ಬಡಿಯಲು, ರಕ್ತನಾಳಗಳನ್ನು ಬಿಗಿಗೊಳಿಸಲು ನರಗಳ ಮೂಲಕ ಅಲ್ಲಿಂದ ಹೊರಡುವ ಆಜ್ಞೆಗಳನ್ನು ಅದು ತಗ್ಗಿಸುತ್ತದೆ. ಅದರ ಅಣುತೂಕ ಸುಮಾರು 230 ಡಾಲ್ಟನ್. ಎಣ್ಣೆ, ನೀರು ಎರಡರೊಡನೆಯೂ ಹೊಂದಿಕೊಳ್ಳುತ್ತದೆ. ದಿನಕ್ಕೆ ಒಂದು ಮಿಲಿಗ್ರಾಮಿನ ಹತ್ತರಲ್ಲೊಂದು ಪಾಲಿನಿಂದ ಹತ್ತರಲ್ಲಿ ಮೂರು ಪಾಲಿನವರೆಗೆ ಚರ್ಮದ ಮೂಲಕ ಸಿಕ್ಕರೂ ಪರಿಣಾಮ ಬೀರುತ್ತದೆ. ಚರ್ಮದ ಮೂರೂ ಷರತ್ತುಗಳಿಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಬಿಪಿ ಔಷಧ ಸಿಗುವುದು ಕಷ್ಟ.

ಕ್ಲೋನಿಡಿನ್ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ತೆಗೆದುಕೊಳ್ಳಬೇಕು. ಮಾತ್ರೆಯಾಗಿ ನುಂಗಿದರೂ ಅದರ ಬಹುಪಾಲು ಯಕೃತ್ತನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಇಲ್ಲಿ ಪಟ್ಟಿಯ ಲಾಭ ಯಕೃತ್ತನ್ನು ತಪ್ಪಿಸುವುದರಲ್ಲಿಲ್ಲ, ಏರಿಳಿತವನ್ನು ತಪ್ಪಿಸುವುದರಲ್ಲಿದೆ. ಔಷಧದ ಮಟ್ಟ ಒಮ್ಮೆಗೇ ಏರದಿರುವುದರಿಂದ ತೂಕಡಿಕೆ, ಬಾಯಿ ಒಣಗುವಿಕೆ ಪಟ್ಟಿಯಲ್ಲಿ ಮಾತ್ರೆಗಿಂತ ಕಡಿಮೆ ಇರುತ್ತವೆ, ಪೂರ್ತಿ ಇಲ್ಲವಾಗುವುದಿಲ್ಲ.

ಪಟ್ಟಿಯೊಳಗೆ ಏನಿದೆ

ಅತ್ಯಂತ ಚಿಕ್ಕ ಕ್ಲೋನಿಡಿನ್ ಪಟ್ಟಿಯ ವಿಸ್ತಾರ 3.5 ಚದರ ಸೆಂಟಿಮೀಟರ್. ಒಂದು ಅಂಚೆಚೀಟಿಗಿಂತಲೂ ಚಿಕ್ಕದು. ದಪ್ಪ ಮಿಲಿಮೀಟರಿನ ಹತ್ತರಲ್ಲಿ ಎರಡು ಪಾಲು. ಇಷ್ಟರಲ್ಲಿಯೇ ನಾಲ್ಕು ಪದರಗಳಿವೆ. ಹೊರಗಡೆ ನೀರು ಇಳಿಯದ ಹೊದಿಕೆ. ಅದರ ಕೆಳಗೆ ಔಷಧದ ದಾಸ್ತಾನು. ಅದರ ಕೆಳಗೆ ಕಣ್ಣಿಗೆ ಕಾಣದ ರಂಧ್ರಗಳಿರುವ ಪ್ಲಾಸ್ಟಿಕ್ ಪೊರೆ. ಕೊನೆಗೆ ಚರ್ಮಕ್ಕೆ ತಾಗುವ ಅಂಟು. ಅಂಟಿಸುವ ಮೊದಲು ಸುಲಿದು ಬಿಸಾಡುವ ಹಾಳೆ ಐದನೆಯದು, ಅದು ಲೆಕ್ಕಕ್ಕಿಲ್ಲ.

ಇವುಗಳಲ್ಲಿ ಜಾಣತನವಿರುವುದು ಪೊರೆಯಲ್ಲಿ. ತೋಟಕ್ಕೆ ಹನಿ ನೀರಾವರಿ ಹಾಕಿದವರಿಗೆ ಇದನ್ನು ವಿವರಿಸುವುದು ಸುಲಭ. ಕಾಲುವೆ ಒಡೆದು ನೀರು ಹಾಯಿಸಿದರೆ ಒಂದು ದಿನ ಬುಡವೆಲ್ಲ ಕೆಸರು, ನಾಲ್ಕನೆಯ ದಿನಕ್ಕೆ ಬಿರುಕು. ಡ್ರಿಪ್ಪಿನಲ್ಲಾದರೆ ಟ್ಯಾಂಕಿನಲ್ಲಿ ನೀರೆಷ್ಟಿದ್ದರೂ ಗಿಡದ ಬುಡಕ್ಕೆ ಬೀಳುವುದು ಹನಿಯ ತೂತು ಬಿಟ್ಟಷ್ಟೇ. ಪಟ್ಟಿಯ ದಾಸ್ತಾನು ಆ ಟ್ಯಾಂಕು, ಪೊರೆ ಆ ತೂತು. ಒಬ್ಬರ ಚರ್ಮ ತೆಳುವಾಗಿದ್ದು ಇನ್ನೊಬ್ಬರದು ದಪ್ಪವಾಗಿದ್ದರೂ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಔಷಧ ಇಳಿಯಲು ಪೊರೆಯ ಈ ನಿಯಂತ್ರಣವೇ ಕಾರಣ. ಪ್ರಮಾಣ ಹೆಚ್ಚು ಬೇಕಿದ್ದರೆ ಪಟ್ಟಿಯ ವಿಸ್ತಾರ ಹೆಚ್ಚಾಗುತ್ತದೆ: 3.5 ಚದರ ಸೆಂಟಿಮೀಟರಿನ ಪಟ್ಟಿ ದಿನಕ್ಕೆ 0.1 ಮಿಲಿಗ್ರಾಂ ಇಳಿಸಿದರೆ, 7 ಚದರ ಸೆಂಟಿಮೀಟರಿನದು 0.2, 10.5 ಚದರ ಸೆಂಟಿಮೀಟರಿನದು 0.3 ಮಿಲಿಗ್ರಾಂ ಇಳಿಸುತ್ತದೆ. ಹಾಗೆಂದು, ಡೋಸ್ ಕಡಿಮೆ ಮಾಡಲು ಮಾತ್ರೆ ಮುರಿದಂತೆ ಪಟ್ಟಿಯನ್ನು ಕತ್ತರಿಯಿಂದ ಅರ್ಧ ಮಾಡುವಂತಿಲ್ಲ. ಪದರಗಳ ರಚನೆ ಕೆಟ್ಟರೆ ಔಷಧ ಇಳಿಯುವ ವೇಗಕ್ಕೆ ಯಾವ ಖಾತರಿಯೂ ಉಳಿಯುವುದಿಲ್ಲ.

ಚಿಕ್ಕ ಪಟ್ಟಿಯಲ್ಲಿ ತುಂಬಿರುವ ಔಷಧ 2.5 ಮಿಲಿಗ್ರಾಂ. ಏಳು ದಿನಗಳಲ್ಲಿ ಮೈಗೆ ಇಳಿಯುವುದು 0.7 ಮಿಲಿಗ್ರಾಂ. ಮಿಕ್ಕದ್ದೇಕೆ ಎಂದು ಕೇಳಬಹುದು. ಪೊರೆಯ ಈಚೆ ಔಷಧ ದಟ್ಟವಾಗಿ, ಆಚೆ ವಿರಳವಾಗಿ ಇದ್ದಾಗ ಮಾತ್ರ ಅದು ಈಚೆಯಿಂದ ಆಚೆಗೆ ಹರಿಯುತ್ತದೆ. ಬೇಕಾದಷ್ಟನ್ನೇ ಅಳೆದು ತುಂಬಿದ್ದರೆ ನಾಲ್ಕನೆಯ ಐದನೆಯ ದಿನಕ್ಕೆ ದಾಸ್ತಾನು ತೆಳುವಾಗಿ ಹರಿವು ಕುಂದುತ್ತಿತ್ತು. ಕೊನೆಯ ದಿನವೂ ಮೊದಲ ದಿನದ ವೇಗ ಉಳಿಯಲೆಂದು ಈ ಹೆಚ್ಚುವರಿ.

ತಕ್ಷಣದ ಪರಿಹಾರವಲ್ಲ

ಪಟ್ಟಿಯ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಅಪಾಯಕಾರಿಯಾದದ್ದು ಇದು: ಬಿಪಿ ಏಕಾಏಕಿ ಏರಿದಾಗ ಒಂದು ಪಟ್ಟಿ ಅಂಟಿಸಿದರೆ ಇಳಿಯುತ್ತದೆ ಎಂಬ ನಂಬಿಕೆ. ಮೊದಲ ಸಲ ಅಂಟಿಸಿದ ಪಟ್ಟಿಯಿಂದ ಔಷಧ ಚರ್ಮದಲ್ಲಿ ತುಂಬಿಕೊಂಡು, ಅಲ್ಲಿಂದ ರಕ್ತಕ್ಕೆ ಸೇರಿ, ಸಾಕಷ್ಟು ಮಟ್ಟ ತಲುಪಲು ಎರಡರಿಂದ ಮೂರು ದಿನ ಬೇಕು. ಆದ್ದರಿಂದ ಮಾತ್ರೆಯಿಂದ ಪಟ್ಟಿಗೆ ಬದಲಾಯಿಸುವಾಗ ವೈದ್ಯರು ಹಳೆಯ ಮಾತ್ರೆಯನ್ನು ಅಂದೇ ನಿಲ್ಲಿಸದೆ ಹಂತಹಂತವಾಗಿ ಇಳಿಸುತ್ತಾರೆ. ಎದೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು ಇಂಥವುಗಳೊಂದಿಗೆ ಬಿಪಿ ಏರಿದ್ದರೆ ಅದು ಆಸ್ಪತ್ರೆಯ ಕೆಲಸ, ಪಟ್ಟಿಯದಲ್ಲ. ಅತಿ ವೇಗವೂ ಒಳ್ಳೆಯದಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು: ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆಯ ಕೆಳಗೆ ಹಿಂಡುವ ರೂಢಿ ಒಂದು ಕಾಲಕ್ಕೆ ವ್ಯಾಪಕವಾಗಿತ್ತು, ಒತ್ತಡ ದಿಢೀರನೆ ಕುಸಿದು ಮೆದುಳಿಗೂ ಹೃದಯಕ್ಕೂ ರಕ್ತ ಸಾಲದೆ ಹೋದ ಪ್ರಕರಣಗಳಿಂದಾಗಿ ವೈದ್ಯರು ಅದನ್ನು ಕೈಬಿಟ್ಟರು.

ಉಳಿದ ಬಿಪಿ ಮಾತ್ರೆಗಳು ಏಕೆ ಪಟ್ಟಿಯಾಗಲಿಲ್ಲ

ಇದಕ್ಕೆ ಒಂದು ಸರಳ ಲೆಕ್ಕ ಮಾಡಿ ನೋಡಬಹುದು. ಬೇರೆ ಔಷಧಗಳೂ ಕ್ಲೋನಿಡಿನ್‌ನಷ್ಟೇ ವೇಗದಲ್ಲಿ ಚರ್ಮದೊಳಗೆ ಇಳಿಯುತ್ತವೆ ಎಂದು ಒಂದು ಕ್ಷಣ ಇಟ್ಟುಕೊಳ್ಳೋಣ. ಆಮ್ಲೋಡಿಪಿನ್‌ನ ಸಾಮಾನ್ಯ ಪ್ರಮಾಣ ದಿನಕ್ಕೆ 5 ಮಿಲಿಗ್ರಾಂ, ಅಂದರೆ ಚಿಕ್ಕ ಪಟ್ಟಿ ಇಳಿಸುವುದರ 50 ಪಟ್ಟು. ಅದಕ್ಕೆ 175 ಚದರ ಸೆಂಟಿಮೀಟರಿನ ಪಟ್ಟಿ ಬೇಕು, ಹೆಚ್ಚುಕಡಿಮೆ ಬೆರಳುಗಳೂ ಸೇರಿದ ಅಂಗೈಯಗಲ. ಮೆಟೊಪ್ರೊಲಾಲ್ 50 ಮಿಲಿಗ್ರಾಂ ಬೇಕಿದ್ದರೆ 1,750 ಚದರ ಸೆಂಟಿಮೀಟರ್. ಜೆರಾಕ್ಸ್ ಅಂಗಡಿಯ ಎ-4 ಹಾಳೆಗಳು ಮೂರನ್ನು ಬೆನ್ನಿಗೆ ಅಂಟಿಸಿಕೊಂಡಂತೆ. ಪ್ರತಿ ಅಣುವೂ ತನ್ನದೇ ವೇಗದಲ್ಲಿ ಹೋಗುವುದರಿಂದ ಇದು ಕರಾರುವಾಕ್ಕಾದ ಲೆಕ್ಕವಲ್ಲ, ಆದರೆ ತೊಡಕು ಎಲ್ಲಿದೆ ಎಂದು ತೋರಿಸಲು ಸಾಕು. ಟೆಲ್ಮಿಸಾರ್ಟಾನ್‌ಗೆ ಇನ್ನೊಂದು ಅಡ್ಡಿಯೂ ಇದೆ. ಅದರ ಅಣು 500 ಡಾಲ್ಟನ್ನಿನ ಗೆರೆಯನ್ನು ತುಸು ದಾಟಿದೆ.

ಆಮ್ಲೋಡಿಪಿನ್‌ನಂಥ ಔಷಧಕ್ಕೆ ಪಟ್ಟಿಯ ಅಗತ್ಯವೂ ಅಷ್ಟಾಗಿ ಇಲ್ಲ. ಪಟ್ಟಿಯ ಮುಖ್ಯ ಲಾಭವಾದ ಸಮಮಟ್ಟ ಅದರ ನಿಧಾನ ಸ್ವಭಾವದಿಂದಲೇ ಸಿಗುತ್ತದೆಯೆಂದು ಆಗಲೇ ನೋಡಿದೆವು. ಅಗ್ಗವಾಗಿ, ಸರ್ಕಾರಿ ಆಸ್ಪತ್ರೆಯಲ್ಲಾದರೆ ಹಣ ಕೊಡದೆಯೇ ಸಿಗುವ, ದಿನಕ್ಕೊಮ್ಮೆ ನುಂಗಿದರೆ ಸಾಕಾಗುವ ಮಾತ್ರೆ ಇರುವಾಗ ಪಟ್ಟಿಗಾಗಿ ಅಷ್ಟು ಕಷ್ಟಪಡುವವರು ಕಡಿಮೆ.

ಆದರೂ ಒಂದು ಗಮನಾರ್ಹ ಸೇರ್ಪಡೆ ಆಗಿದೆ. 2013ರಲ್ಲಿ ಜಪಾನ್ ಬಿಸೊಪ್ರೊಲಾಲ್ ಎಂಬ ಬೀಟಾ ತಡೆ ಔಷಧದ (ಹೃದಯದ ಬಡಿತವನ್ನು ನಿಧಾನಗೊಳಿಸಿ ಬಿಪಿ ಇಳಿಸುವ ಬಗೆಯದು) ಅಂಟುಪಟ್ಟಿಗೆ ಅನುಮತಿ ಕೊಟ್ಟಿತು. ಬಿಸೊಪ್ರೊಲಾಲ್ ಅಣು ಸುಮಾರು 325 ಡಾಲ್ಟನ್, ಮಾತ್ರೆಯ ಪ್ರಮಾಣವೂ ಸಾಮಾನ್ಯವಾಗಿ 5 ಮಿಲಿಗ್ರಾಂ ಆಸುಪಾಸು. ಇದನ್ನು ವಾರಕ್ಕೊಮ್ಮೆಯಲ್ಲ, ದಿನಕ್ಕೊಮ್ಮೆ ಬದಲಾಯಿಸಬೇಕು. ಅಂದರೆ ಮರೆವಿನ ಸಮಸ್ಯೆಗೆ ಇದು ಉತ್ತರವಲ್ಲ. ನುಂಗಲು ಕಷ್ಟಪಡುವ ವೃದ್ಧರಿಗೆ, ಬಾಯಿಂದ ಏನನ್ನೂ ಕೊಡಲಾಗದ ರೋಗಿಗಳಿಗೆ ಇದರ ಉಪಯೋಗ ಹೆಚ್ಚು. ಪಾರ್ಶ್ವವಾಯುವಿನ ನಂತರ ನೀರು ಕುಡಿದರೂ ನೆತ್ತಿಗೇರುವ ಅಜ್ಜನಿಗೆ ಮಾತ್ರೆ ಪುಡಿಮಾಡಿ ಕೊಡುತ್ತಿರುವ ಮನೆಯವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಕ್ಲೋನಿಡಿನ್ ಪಟ್ಟಿಯೂ ಎಲ್ಲರಿಗೂ ಮೊದಲು ಬರೆಯುವ ಔಷಧವಲ್ಲ. ತೂಕಡಿಕೆ ತರುವ, ಥಟ್ಟನೆ ನಿಲ್ಲಿಸಿದರೆ ತೊಂದರೆ ಕೊಡುವ ಸ್ವಭಾವ ಅದಕ್ಕಿರುವುದರಿಂದ ಬೇರೆ ಔಷಧಗಳು ಸಾಲದಿದ್ದಾಗ ಅಥವಾ ಒಗ್ಗದಿದ್ದಾಗ ವೈದ್ಯರು ಕ್ಲೋನಿಡಿನ್ ಕಡೆಗೆ ನೋಡುತ್ತಾರೆ.

ಬಿಪಿ ಪಟ್ಟಿಯೆಂದು ತಪ್ಪಾಗಿ ತಿಳಿಯುವ ಬೇರೆ ಪಟ್ಟಿಗಳು

ಎದೆಯ ಮೇಲೆ ಪಟ್ಟಿ ಅಂಟಿಸಿಕೊಂಡ ಹೃದ್ರೋಗಿಗಳನ್ನು ನೋಡಿದವರು ಅದನ್ನೇ ಬಿಪಿ ಪಟ್ಟಿಯೆಂದು ತಿಳಿಯುವುದುಂಟು. ಅದು ಸಾಮಾನ್ಯವಾಗಿ ನೈಟ್ರೋಗ್ಲಿಸರಿನ್ ಪಟ್ಟಿ. ಹೃದಯದ ರಕ್ತನಾಳ ಕಿರಿದಾಗಿ ಬರುವ ಎದೆನೋವನ್ನು ತಡೆಯಲು ಇರುವಂಥದ್ದು. ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಅದು ಒತ್ತಡವನ್ನೂ ಒಂದಿಷ್ಟು ಇಳಿಸುತ್ತದೆ, ಆದರೆ ದಿನನಿತ್ಯದ ಬಿಪಿ ಚಿಕಿತ್ಸೆಗೆ ಅದನ್ನು ಬಳಸುವುದಿಲ್ಲ. ಬಿಡುವಿಲ್ಲದೆ ಅಂಟಿಸಿಕೊಂಡರೆ ಮೈ ಅದಕ್ಕೆ ಒಗ್ಗಿಹೋಗಿ ಪರಿಣಾಮ ಕುಂದುವುದರಿಂದ ದಿನದಲ್ಲಿ 10ರಿಂದ 12 ಗಂಟೆ, ಹೆಚ್ಚಾಗಿ ರಾತ್ರಿ, ತೆಗೆದಿಡಲು ಹೇಳುತ್ತಾರೆ. ಕ್ಲೋನಿಡಿನ್ ಪಟ್ಟಿ ಇದಕ್ಕೆ ತೀರ ವಿರುದ್ಧ. ಅದನ್ನು ರಾತ್ರಿಯೂ ತೆಗೆಯುವಂತಿಲ್ಲ.

ಬೆನ್ನುನೋವಿಗೆ, ಮಂಡಿನೋವಿಗೆ ಹಚ್ಚುವ ಪ್ಲಾಸ್ಟರಿನ ಉದ್ದೇಶವೇ ಬೇರೆ. ಅದು ಅಂಟಿಸಿದ ಜಾಗದಲ್ಲಿ ಕೆಲಸ ಮಾಡಿದರೆ ಸಾಕು, ರಕ್ತಕ್ಕೆ ಹೆಚ್ಚು ಸೇರಬೇಕಾಗಿಲ್ಲ. ಇನ್ನು ಆನ್‌ಲೈನಿನಲ್ಲಿ ಹೊಕ್ಕುಳಿಗೆ, ಅಂಗಾಲಿಗೆ ಅಂಟಿಸಿದರೆ ಬಿಪಿ ಇಳಿಯುತ್ತದೆಂದು ಮಾರುವ ಗಿಡಮೂಲಿಕೆ ಪಟ್ಟಿಗಳಿವೆ. ಒಳಗಿರುವ ಔಷಧದ ಹೆಸರು, ದಿನಕ್ಕೆ ಎಷ್ಟು ಮಿಲಿಗ್ರಾಂ ಇಳಿಯುತ್ತದೆ ಎಂಬ ಅಂಕಿ ಎರಡೂ ಇಲ್ಲದ ಪಟ್ಟಿಯನ್ನು ನಂಬಿ ಮಾತ್ರೆ ಬಿಡುವುದು ಅಪಾಯ. ಅದಲ್ಲದೆ ಅಂಗಾಲಿನ ಸತ್ತ ಪದರ ತೋಳಿನದಕ್ಕಿಂತ ಎಷ್ಟೋ ಪಟ್ಟು ದಪ್ಪ. ಔಷಧ ಇಳಿಸಲು ಮೈಯಲ್ಲಿ ಅದಕ್ಕಿಂತ ಒಗ್ಗದ ಜಾಗ ಹುಡುಕುವುದು ಕಷ್ಟ.

ಮಳೆ, ಎಣ್ಣೆ, ಬಿಸಿ

ಪಟ್ಟಿಯನ್ನು ಮೇಲುತೋಳಿನ ಹೊರಭಾಗದಲ್ಲಿ ಅಥವಾ ಎದೆಯ ಮೇಲ್ಭಾಗದಲ್ಲಿ, ಕೂದಲಿಲ್ಲದ, ಗಾಯವಿಲ್ಲದ ಕಡೆ ಅಂಟಿಸಬೇಕು. ಕೂದಲಿದ್ದರೆ ಕತ್ತರಿಯಿಂದ ಕಿರಿದುಮಾಡಬೇಕೇ ಹೊರತು ಬ್ಲೇಡಿನಿಂದ ಬೋಳಿಸಬಾರದು. ಬ್ಲೇಡು ತಡೆಗೋಡೆಯಂತಿರುವ ಆ ಮೇಲ್ಪದರವನ್ನೇ ಕೆರೆದುಹಾಕುತ್ತದೆ, ಔಷಧ ಹೆಚ್ಚು ಇಳಿಯುತ್ತದೆ. ಜಾಗವನ್ನು ಸೋಪು, ನೀರಿನಿಂದ ತೊಳೆದು ಚೆನ್ನಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ ಅಂಗೈಯಿಂದ ಒತ್ತಿ ಹಿಡಿಯಬೇಕು. ಎಣ್ಣೆ ಸ್ನಾನದ ದಿನವೇ ಪಟ್ಟಿ ಬದಲಾಯಿಸುವುದು ಬೇಡ. ಕೊಬ್ಬರಿ ಎಣ್ಣೆಯ ಜಿಡ್ಡು ತುಸು ಉಳಿದರೂ ಅಂಚು ಎದ್ದುಬಿಡುತ್ತದೆ. ಹೊಸ ಪಟ್ಟಿಯನ್ನು ಪ್ರತಿ ವಾರ ಬೇರೆ ಜಾಗಕ್ಕೆ ಹಾಕಬೇಕು. ಹಳೆಯ ಜಾಗದ ಚರ್ಮದಲ್ಲಿ ತುಂಬಿಕೊಂಡ ಔಷಧ ಇನ್ನೂ ಸ್ವಲ್ಪ ಹೊತ್ತು ರಕ್ತಕ್ಕೆ ಸೇರುತ್ತಲೇ ಇರುವುದರಿಂದ ಹೊಸ ಜಾಗ ತಯಾರಾಗುವವರೆಗೆ ನಡುವೆ ಕೊರತೆ ಬೀಳುವುದಿಲ್ಲ.

ಸ್ನಾನಕ್ಕೆ ಅಡ್ಡಿಯಿಲ್ಲ. ಆದರೆ ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ದಿನವಿಡೀ ತೋಟದಲ್ಲಿ ನೆನೆದು, ಪ್ಲಾಸ್ಟಿಕ್ ಕೊಪ್ಪೆಯೊಳಗೆ ಬೆವೆತು ದುಡಿಯುವವರ ತೋಳಿನ ಮೇಲೆ ಏಳು ದಿನ ಅಂಟು ನಿಲ್ಲುವುದು ಸುಲಭವಲ್ಲ. ಅಂಚು ಏಳತೊಡಗಿದರೆ ಮೇಲೆ ಹಾಕಲು ಪೆಟ್ಟಿಗೆಯಲ್ಲಿಯೇ ಒಂದು ದೊಡ್ಡ, ದುಂಡನೆಯ ಹೊದಿಕೆ ಪಟ್ಟಿ ಕೊಟ್ಟಿರುತ್ತಾರೆ. ಅದರಲ್ಲಿ ಔಷಧವಿಲ್ಲ. ನೋಡಲು ದೊಡ್ಡದಾಗಿರುವುದರಿಂದ ಅದನ್ನೇ ಔಷಧವೆಂದು ತಿಳಿದು ಅದೊಂದನ್ನೇ ಅಂಟಿಸಿಕೊಂಡು, ಚಿಕ್ಕದನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟವರಿದ್ದಾರೆ.

ಬಿಸಿಯ ವಿಷಯದಲ್ಲಿ ಎಚ್ಚರ ಬೇಕು. ಚರ್ಮ ಬಿಸಿಯಾದಾಗ ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ, ಔಷಧ ಬೇಗ ಬೇಗ ಒಳಗೆ ಹೋಗುತ್ತದೆ. ಬಚ್ಚಲ ಒಲೆಯ ಮುಂದೆ ತೋಳು ಕಾಯಿಸುತ್ತ ಕೂರುವುದು, ಪಟ್ಟಿಯ ಮೇಲೆಯೇ ಬಿಸಿನೀರಿನ ಚೀಲ ಇಡುವುದು ಬೇಡ. ಎಂಆರ್‌ಐ ಸ್ಕ್ಯಾನಿಗೆ ಹೋಗುವಾಗ ಪಟ್ಟಿ ಇರುವುದನ್ನು ತಪ್ಪದೆ ಹೇಳಬೇಕು. ಕೆಲವು ಪಟ್ಟಿಗಳ ಹೊದಿಕೆಯಲ್ಲಿ ಲೋಹದ ಅಂಶವಿದ್ದು, ಸ್ಕ್ಯಾನಿನ ವೇಳೆ ಅದು ಕಾದು ಚರ್ಮ ಸುಟ್ಟ ಪ್ರಕರಣಗಳಿಂದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಎಚ್ಚರಿಕೆ ಕೊಟ್ಟಿತು.

ಅಂಟಿಸಿದ ಜಾಗ ಕೆಂಪಾಗುವುದು, ತುರಿಸುವುದು ಸಾಮಾನ್ಯ. ಗುಳ್ಳೆ ಎದ್ದರೆ, ಪಟ್ಟಿಯಾಚೆಗೂ ದದ್ದು ಹರಡಿದರೆ ಅದು ಅಲರ್ಜಿಯಾಗಿರಬಹುದು. ತಿಂಗಳುಗಟ್ಟಲೆ ಬಳಸಿದ ಮೇಲೂ ಹೀಗೆ ಶುರುವಾಗಬಹುದು. ಹಾಗೆ ಅಲರ್ಜಿಯಾದವರು ಅದೇ ಔಷಧದ ಮಾತ್ರೆ ನುಂಗಿದರೆ ಮೈತುಂಬ ದದ್ದು ಏಳುವ ಸಾಧ್ಯತೆಯಿದೆ.

ತೆಗೆದ ಮೇಲೆ

ಬಿಪಿ ಸರಿಹೋಯಿತೆಂದು ಪಟ್ಟಿಯನ್ನು ತಾವಾಗಿಯೇ ಕಿತ್ತುಹಾಕಿ ಸುಮ್ಮನಿದ್ದುಬಿಡುವುದು ಕ್ಲೋನಿಡಿನ್ ವಿಷಯದಲ್ಲಿ ಮಾಡಬಾರದ ಕೆಲಸ. ಮೆದುಳಿನಿಂದ ಹೊರಡುವ ಆಜ್ಞೆಗಳನ್ನು ಔಷಧ ಬಹುಕಾಲ ತಡೆದುಹಿಡಿದಿರುತ್ತದೆ. ಹಿಡಿತ ತಪ್ಪಿದಾಗ ಅವು ಒಮ್ಮೆಗೇ ನುಗ್ಗಿ ಬಿಪಿ ಮೊದಲಿಗಿಂತಲೂ ಮೇಲೆ ಹೋಗಬಹುದು, ಜೊತೆಗೆ ತಲೆನೋವು, ನಡುಕ, ಚಡಪಡಿಕೆ ಕಾಣಿಸಬಹುದು. ಬೀಟಾ ತಡೆ ಔಷಧವನ್ನೂ ತೆಗೆದುಕೊಳ್ಳುತ್ತಿರುವವರಲ್ಲಿ ಈ ಅಪಾಯ ಹೆಚ್ಚು. ಪಟ್ಟಿ ತೆಗೆದ ನಂತರ ಸುಮಾರು ಎಂಟು ಗಂಟೆ ರಕ್ತದಲ್ಲಿ ಔಷಧದ ಮಟ್ಟ ಹಾಗೆಯೇ ಇದ್ದು, ಆಮೇಲೆ ಕೆಲವು ದಿನಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಇದರಿಂದ ಮಾತ್ರೆ ನಿಲ್ಲಿಸಿದಾಗಿನಷ್ಟು ಹಠಾತ್ ಕುಸಿತ ಇಲ್ಲದಿದ್ದರೂ, ನಿಲ್ಲಿಸುವುದನ್ನು ವೈದ್ಯರೇ ಹಂತಹಂತವಾಗಿ ಮಾಡಬೇಕು. ಪಟ್ಟಿ ತಾನಾಗಿ ಬಿದ್ದುಹೋದರೆ ಏಳು ದಿನ ತುಂಬಲೆಂದು ಕಾಯದೆ ಬೇರೆ ಜಾಗದಲ್ಲಿ ಹೊಸದನ್ನು ಹಾಕಿಕೊಳ್ಳಬೇಕು.

ಬಳಸಿ ತೆಗೆದ ಪಟ್ಟಿ ಖಾಲಿಯಾಗಿರುವುದಿಲ್ಲ. ತುಂಬಿದ್ದ 2.5 ಮಿಲಿಗ್ರಾಮಿನಲ್ಲಿ 1.8ರಷ್ಟು ಇನ್ನೂ ಅದರೊಳಗಿದೆ, ಅಂದರೆ ದೊಡ್ಡವರೊಬ್ಬರಿಗೆ ಪಟ್ಟಿ ದಿನವೊಂದಕ್ಕೆ ಇಳಿಸುವುದರ 18 ಪಟ್ಟು. ಜಗುಲಿಯ ಮೇಲೆ ಬಿದ್ದ ಆ ಚಿಕ್ಕ ಪಟ್ಟಿಯನ್ನು ಮಗು ಸ್ಟಿಕ್ಕರೆಂದು ಕೈಗೆ ಅಂಟಿಸಿಕೊಂಡರೆ ಅಥವಾ ಬಾಯಿಗೆ ಹಾಕಿಕೊಂಡರೆ ನಾಡಿ ನಿಧಾನವಾಗಿ, ಉಸಿರು ಕ್ಷೀಣಿಸಿ, ಎಚ್ಚರ ತಪ್ಪಬಹುದು. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ, ಹೋಗುವಾಗ ಪಟ್ಟಿಯ ಪೆಟ್ಟಿಗೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಬೇಕು. ಮನೆಯ ನಾಯಿ, ಬೆಕ್ಕುಗಳಿಗೂ ಇದೇ ಅಪಾಯ. ಆದ್ದರಿಂದ ತೆಗೆದ ಕೂಡಲೇ ಅಂಟಿನ ಭಾಗ ಒಳಗೆ ಬರುವಂತೆ ಪಟ್ಟಿಯನ್ನು ಎರಡಾಗಿ ಮಡಚಿ ಗಟ್ಟಿಯಾಗಿ ಒತ್ತಿ, ಮಕ್ಕಳ ಕೈಗೆ ಎಟುಕದ, ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಬೇಕು, ಆಮೇಲೆ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಬೇಕು.